ಸೋಮವಾರದ ಪಾಲು

ನಮ್ಮೂರಿನ ಪತ್ರಿಕೆಯಲ್ಲಿ ತಿದ್ದುಪಡಿ ಎಂಬ ಮೂಲೆ ಇಲ್ಲ. ಬೇರೆ ಊರಿನ ಪತ್ರಿಕೆಗಳಲ್ಲಿ ಅದನ್ನು ಕಂಡಾಗ ನನಗೆ ಕನಿಕರವಾಗುತ್ತದೆ. ಇಲ್ಲಿ ಒಬ್ಬರು ಆಡಿದ ಮಾತು ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಇನ್ನೊಮ್ಮೆ ಕೇಳಿಸುತ್ತದೆ. ವರದಿಗಾರನಾದವನು ನಿನ್ನೆ ಬರೆದುಕೊಂಡದ್ದನ್ನು ಹಿಡಿದು ಇಂದು ಅಲ್ಲಿಯೇ ನಿಂತು ಹೋಲಿಸಿ ನೋಡಿದರಾಯಿತು. ಹೀಗಾಗಿ ನಮ್ಮಲ್ಲಿ ಸುದ್ದಿ ಒಂದು ದಿನ ತಡವಾಗಿ ಬರುತ್ತದೆ, ಆದರೆ ಸರಿಯಾಗಿ ಬರುತ್ತದೆ. ಮೀಸೆ ಕಪ್ಪಾಗಿದ್ದ ಕಾಲದಿಂದಲೂ ನಾನು ಇದೇ ಕೆಲಸ ಮಾಡಿಕೊಂಡು ಬಂದಿದ್ದೇನೆ.

ಊರು ಮರುದನಿಗೆ ಹೊಂದಿಕೊಂಡಿದೆ. ಜಗಳವಾಡಬೇಕೆನಿಸಿದ ಗಂಡಹೆಂಡಿರು ಮನೆ ಬಿಟ್ಟು ಕೆರೆಯ ಏರಿಯಾಚೆ ಹೋಗಿ ಆಡಿ ಬರುತ್ತಾರೆ. ಕನ್ಯೆ ನೋಡಲು ಬಂದವರನ್ನು ಪಡಸಾಲೆಯಲ್ಲಿ ಕೂರಿಸಿದವರು, ಅವರು ಹೋದ ಮರುದಿನ ಅದೇ ಹೊತ್ತಿಗೆ ಪಡಸಾಲೆಗೆ ಬೀಗ ಹಾಕಿ ಹೊಲಕ್ಕೆ ಹೋಗುತ್ತಾರೆ. ದನಿ ಮರಳುವುದು ಒಂದೇ ಸಲ. ಮರುದನಿಗೆ ಮರುದನಿ ಇಲ್ಲ. ಧ್ವನಿವರ್ಧಕದಿಂದ ಬಂದದ್ದು ಮರಳುವುದೇ ಇಲ್ಲ, ಆದ್ದರಿಂದ ಚುನಾವಣೆಯ ಭಾಷಣಗಳಿಂದ ನಮಗೆ ಎರಡನೆಯ ಸಲ ತೊಂದರೆಯಾಗಿಲ್ಲ. ಇದೆಲ್ಲದರ ಮೇಲೆ ಒಂದು ಮರ್ಯಾದೆಯಿದೆ. ತನ್ನ ದನಿಯ ಮರುದನಿಯನ್ನು ತಾನೇ ನಿಂತು ಕೇಳುವುದು ನಮ್ಮೂರಲ್ಲಿ ಅಸಹ್ಯ. ಕನ್ನಡಿಯೆದುರು ನಿಂತು ತನ್ನನ್ನೇ ಹೊಗಳಿಕೊಳ್ಳುವವನನ್ನು ಕಂಡ ಹಾಗೆ ಜನ ಮುಖ ತಿರುಗಿಸುತ್ತಾರೆ. ಇನ್ನೊಬ್ಬರ ಮರುದನಿ ಹೇಗಿತ್ತೆಂದು ಅವರ ಮುಂದೆ ಹೇಳುವುದೂ ಸಲ್ಲದು.

ಈ ಮರ್ಯಾದೆಯಿಂದಾಗಿಯೇ ಇಗರ್ಜಿಯ ಕ್ರೈಸ್ತ ಜನಕ್ಕೆ ಸೋಮವಾರ ಬೆಳಿಗ್ಗೆ ಏನು ನಡೆಯುತ್ತದೆಂದು ತಿಳಿದಿರಲಿಲ್ಲ.

ಇಗರ್ಜಿಯ ಉತ್ತರದ ಕಿಟಕಿಗಳು ಸಂತೆ ಮೈದಾನದ ಕಡೆ ತೆರೆಯುತ್ತವೆ. ಒಳಗೆ, ಗೋಡೆಯ ಎತ್ತರಕ್ಕೆ, ಹಡಗಿನಲ್ಲಿ ಬಂದದ್ದೆಂದು ಹೇಳುವ ಹಳೆಯ ಪೈಪ್ ಆರ್ಗನ್ ಇದೆ. ಸಂತೆಯವರು ಅದನ್ನು ದೊಡ್ಡ ಪೇಟಿ ಎನ್ನುತ್ತಾರೆ. ರವಿವಾರದ ಆರಾಧನೆಯಲ್ಲಿ ಅದು ನುಡಿದಾಗ ಮೈದಾನದಲ್ಲಿ ಆಡುಗಳಷ್ಟೇ ಇರುತ್ತವೆ. ಸೋಮವಾರ ಅದೇ ಹೊತ್ತಿಗೆ ಮರುದನಿ ಬಂದಾಗ ಸಂತೆ ತುಂಬಿರುತ್ತದೆ. ಮೊದಲ ಹಾಡಿಗೆ ಗೋಣಿ ಬಿಚ್ಚುತ್ತಾರೆ, ಎರಡನೆಯದಕ್ಕೆ ತಕ್ಕಡಿ ತೂಗುಹಾಕುತ್ತಾರೆ, ಮೂರನೆಯದಾದ ಕಾಣಿಕೆಯ ಹಾಡಿಗೆ ಎಲ್ಲರೂ ಬಾಯಿ ಮುಚ್ಚಿ ನಿಲ್ಲುತ್ತಾರೆ. ಆ ಹಾಡು ಮುಗಿಯುವವರೆಗೆ ಚೌಕಾಸಿ ಇಲ್ಲ. ಹಾಡು ಮುಗಿದ ಮೇಲೆ ಹೇಳಿದ ದರವೇ ಅವತ್ತಿನ ದರ. ಇಗರ್ಜಿಯವರು ಮಾತ್ರ ತಮ್ಮ ಹಾಡಿನ ಮರುದನಿ ಕಿವಿಗೆ ಬೀಳಬಾರದೆಂದು ಮಧ್ಯಾಹ್ನ ಕಳೆದು, ಬಾಡಿದ ಸೊಪ್ಪು ಉಳಿದಿರುವಾಗ ಸಂತೆಗೆ ಬರುತ್ತಿದ್ದರು.

ಆರ್ಗನ್ ನುಡಿಸುವವರು ಸುವಾರ್ತಾ ಅಕ್ಕೋರು. ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಶಿಕ್ಷಕಿ, ಮದುವೆಯಾಗಿಲ್ಲ, ಯಾವ ಕಾಲದಲ್ಲೂ ಕೊಡೆಯಿಲ್ಲದೆ ಹೊರಗೆ ಬರುವವರಲ್ಲ. ಅವರ ಸೋದರತ್ತೆ ಇದೇ ಆರ್ಗನ್ ನುಡಿಸುತ್ತಿದ್ದರು. ಅತ್ತೆಯ ಬೆರಳು ಬಿಗಿದುಕೊಂಡ ವರ್ಷ ಇವರು ಆ ಪೀಠಕ್ಕೆ ಏರಿದರು. ಆಗಿನಿಂದ ಆರ್ಗನ್ನಿನ ಒಂದೊಂದೇ ಕೊಳವೆ ದನಿ ಕಳೆದುಕೊಳ್ಳುತ್ತ ಬಂದಿತ್ತು. ಗಾಳಿಯೂದುವ ತಿದಿಯ ಚರ್ಮ ಬಿರಿದು ಗಾಳಿ ಸೋರುತ್ತಿತ್ತು. ಅಕ್ಕೋರು ದನಿ ಸತ್ತ ಕೀಲಿಗಳನ್ನೂ ಬಿಡದೆ ಒತ್ತುತ್ತಿದ್ದರು. ಯಾಕೆ ಎಂದು ಒಮ್ಮೆ ಕೇಳಿದ್ದೆ. ಲೆಕ್ಕ ಬಿಡಿಸುವಾಗ ಸೊನ್ನೆ ಬಂದಲ್ಲಿ ಸೊನ್ನೆ ಬರೆಯದೆ ಮುಂದೆ ಹೋಗಲಾಗುತ್ತದೆಯೇ ಎಂದು ಮರುಪ್ರಶ್ನೆ ಹಾಕಿದರು.

ಆ ವರ್ಷ ಕುರಿಯಾಕೋಸ್ ಎಂಬ ಆರ್ಗನ್ ಮೇಸ್ತ್ರಿ ಪರವೂರಿನಿಂದ ಬಂದು ನೋಡಿದ. ಕೊಳವೆಗಳನ್ನು ಇಳಿಸಿ ಸರಿಪಡಿಸಿದರೆ ಇನ್ನೂ ಒಂದು ತಲೆಮಾರು ನುಡಿಯುತ್ತದೆ ಎಂದ, ತಗಲುವ ಖರ್ಚನ್ನೂ ಹೇಳಿದ. ಇಗರ್ಜಿಯ ಸಭೆಯ ಅಧ್ಯಕ್ಷ ಯೇಸುದಾಸ ಉಪ್ಪಿನ ಅವರು ಆ ಅಂಕಿಯನ್ನು ಕೇಳಿ ಕೂತಲ್ಲಿಂದ ಏಳಲಿಲ್ಲ. ಉಪ್ಪಿನರು ಕೆಟ್ಟವರಲ್ಲ. ಹಿಂದೆ ಹಿಟ್ಟಿನ ಗಿರಣಿ ನಡೆಸುತ್ತಿದ್ದವರು, ಯಂತ್ರ ಹಳತಾದರೆ ತೂಕಕ್ಕೆ ಹಾಕುವುದು ಅವರಿಗೆ ಸಹಜ. ಕೊಳವೆಗಳ ತವರ, ಸೀಸಕ್ಕೆ ಗಿರಾಕಿ ಇದ್ದರು. ಆ ದುಡ್ಡಿಗೆ ಒಳ್ಳೆಯ ವಿದ್ಯುತ್ ಕೀಬೋರ್ಡು, ಎರಡು ಸ್ಪೀಕರು ಬರುತ್ತಿದ್ದವು. ಆದರೂ ಅಕ್ಕೋರ ಮುಖ ನೋಡಿ ಒಂದು ಅವಕಾಶ ಕೊಟ್ಟರು. ಒಂದು ರವಿವಾರ ಸಂಜೆ ಟಿಕೇಟು ಇಟ್ಟು ಆರ್ಗನ್ ಕಛೇರಿ ಮಾಡುವುದು. ಊರು ಬಂದರೆ ದುರಸ್ತಿ, ಬರದಿದ್ದರೆ ಬುಧವಾರದ ಸಭೆಯಲ್ಲಿ ಕೀಬೋರ್ಡಿಗೆ ಒಪ್ಪಿಗೆ. ನುಡಿಸುವವರ ಸಹಿಯಿಲ್ಲದೆ ಆರ್ಗನ್ ಮಾರುವಂತಿಲ್ಲ ಎಂಬ ಹಳೆಯ ನಿಯಮವಿತ್ತು. ಊರು ಬರದಿದ್ದರೆ ಸಹಿ ಮಾಡುತ್ತೇನೆಂದು ಅಕ್ಕೋರು ಮಾತು ಕೊಟ್ಟರು. ಅವರು ಮಾತು ಕೊಟ್ಟದ್ದು ಇಗರ್ಜಿಯ ಅಂಗಳದಲ್ಲಿ, ಮರುದಿನ ಅಲ್ಲಿ ಅದು ಮರಳಿದಾಗ ನಾನು ಇದ್ದೆ. ಒಂದಕ್ಷರ ವ್ಯತ್ಯಾಸವಿರಲಿಲ್ಲ.

ಮಾರನೆಯ ದಿನ ಎಲ್ಲವೂ ಪುಕ್ಕಟೆಯಾಗಿ ಕೇಳಿಸುವ ಊರಿನಲ್ಲಿ ರವಿವಾರಕ್ಕೆ ಟಿಕೇಟು ಇಟ್ಟದ್ದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಪತ್ರಿಕೆಯಲ್ಲಿ ಪ್ರಕಟಣೆ ಹಾಕಿದ ನನಗೂ ಕಾಣಲಿಲ್ಲ.

ಕಛೇರಿಗೆ ಮುಂದಿನ ಎರಡು ಬೆಂಚಷ್ಟೇ ತುಂಬಿದ್ದವು, ಅದೂ ಇಗರ್ಜಿಯ ಮನೆಮಂದಿಯಿಂದ. ನಾನು ಆ ಸಭೆಯವನಲ್ಲ. ಆರ್ಗನ್ನನ್ನು ಸೋಮವಾರ ಸಂತೆಯಲ್ಲಿ ಕೇಳಿದ್ದೆನೇ ಹೊರತು ರವಿವಾರ ಎದುರು ಕೂತು ಕೇಳಿದ್ದು ಅದೇ ಮೊದಲು. ಕೂತ ಮೇಲೆ ಒಂದು ಸಂಗತಿ ನನ್ನನ್ನು ಕಾಡತೊಡಗಿತು. ಹಾಡಿನ ನಡುವೆ ನಡುವೆ ಕೆಲವು ಸ್ವರಗಳು ಹೊರಡುತ್ತಿರಲಿಲ್ಲ. ಅಕ್ಕೋರ ಬೆರಳು ಕೀಲಿಯ ಮೇಲೆ ಇಳಿಯುತ್ತಿತ್ತು, ಬರಿಯ ಗಾಳಿಯ ಉಸ್ಸೆಂಬ ಸದ್ದು ಬರುತ್ತಿತ್ತು. ಕಾಣಿಕೆಯ ಹಾಡಂತೂ ಹಲ್ಲು ಉದುರಿದ ಬಾಚಣಿಗೆಯಂತಿತ್ತು. ಆದರೆ ಸೋಮವಾರಗಳಲ್ಲಿ ನಾನು ಕೇಳಿದ್ದ ಇದೇ ಹಾಡು ಇಡಿಯಾಗಿತ್ತು. ನನ್ನ ಕಿವಿಯ ಮೇಲೆ ನನಗೆ ನಂಬಿಕೆಯಿದೆ, ಅನ್ನ ತಿನ್ನುವುದೇ ಅದರಿಂದ.

ಮುಗಿದ ಮೇಲೆ ಉಪ್ಪಿನರು ಬಂದವರಿಗೆ ವಂದಿಸಿ ಹೊರಗೆ ಹೋದರು. ಅಕ್ಕೋರು ಕೀಲಿಮಣೆಯ ಮೇಲೆ ಬಟ್ಟೆ ಹೊದಿಸುತ್ತಿದ್ದರು. ಪತ್ರಿಕೆಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದೆ.

"ಊರಿಗೆ ಬ್ಯಾಡಾದದ್ದನ್ನ ನಾನೊಬ್ಬಾಕಿ ಹಿಡಕೊಂಡು ಕುಂತ್ರ ಅದು ಹಟ ಆಗತೈತ್ರಿ," ಎಂದರು. "ಬುಧವಾರ ಸಹಿ ಮಾಡತೇನಿ. ಬರಕೋರಿ."

ಬರೆದುಕೊಂಡೆ. ಅಚ್ಚಿಗೆ ಕೊಡುವ ಮುನ್ನ ಸೋಮವಾರ ಅದೇ ಹೊತ್ತಿಗೆ ಇಗರ್ಜಿಯೊಳಗೆ ನಿಂತು ಆ ಮಾತನ್ನು ಹೋಲಿಸಬೇಕಿತ್ತು.

ಸೋಮವಾರ ಸಂಜೆ ಇಗರ್ಜಿಯ ಕಡೆ ನಡೆದವನು ಮೈದಾನದ ಅಂಚಿನಲ್ಲಿ ನಿಂತುಬಿಟ್ಟೆ. ಆ ಹೊತ್ತಿಗೆ ಸಂತೆ ಕಿತ್ತು ಗಾಡಿಗಳು ಹೊರಟಿರಬೇಕಿತ್ತು. ಅವತ್ತು ಒಂದು ಗಾಡಿಯೂ ಹೊರಟಿರಲಿಲ್ಲ. ಸುತ್ತಲ ಹಳ್ಳಿಗಳಿಂದ ಜನ ಇನ್ನೂ ಬರುತ್ತಿದ್ದರು. ಹೆಂಗಸರು ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಮಕ್ಕಳನ್ನು ಹೆಗಲ ಮೇಲೆ ಹೊತ್ತವರು, ಮುದುಕರಿಗೆ ಗೋಣಿ ಹಾಸಿ ಕೂರಿಸಿದವರು, ಬೇವಿನ ಮರವೇರಿದವರು. ಮೆಣಸಿನಕಾಯಿ ಮಾರುವ ಗುರುಬಸವ್ವ ರಾಶಿಯ ಮೇಲೆ ಗೋಣಿತಟ್ಟು ಮುಚ್ಚಿ, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಬಳೆಗಾರ್ತಿ ಮೈಬೂಬಿ ಬಳೆಗಳು ಸದ್ದು ಮಾಡದಂತೆ ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದಳು.

ಗುರುಬಸವ್ವ ನನ್ನನ್ನು ಕರೆದು ಕೇಳಿದಳು. "ಏ ಪೇಪರಪ್ಪಾ, ಟಿಕೇಟ ಅಂತ ಬರದಿದ್ದೆಲ್ಲ, ಅದನ್ನ ಕೊಡಾವ್ರು ಎಲ್ಲೆದಾರ? ಮುಂಜಾನಿಂದ ರೊಕ್ಕಾ ಸೆರಗಿನಾಗ ಗಂಟ ಹಾಕ್ಕೊಂಡು ಕುಂತೇನಿ. ಇಗರ್ಜಿ ಬಾಗಲಾ ನೋಡಿದ್ರ ಕೀಲಿ ಹಾಕ್ಯಾರ."

ಕಛೇರಿ ನಿನ್ನೆಯೇ ಮುಗಿಯಿತು ಎಂದೆ.

"ನಿನ್ನಿ ನುಡಿಸ್ಯಾರ. ಕೇಳೂದು ಇವತ್ತಲ್ಲೇನು?" ಎಂದಳು, ನನಗೆ ಬುದ್ಧಿ ಸ್ವಲ್ಪ ಕಡಿಮೆ ಎನ್ನುವ ಧಾಟಿಯಲ್ಲಿ.

ಆ ಹೊತ್ತಿಗೆ ಉತ್ತರದ ಕಿಟಕಿಗಳಿಂದ ಮರುದನಿ ಇಳಿಯಿತು. ಮೈದಾನ ನಿಶ್ಶಬ್ದವಾಯಿತು. ಕಾಣಿಕೆಯ ಹಾಡು ಮೊದಲಾದಾಗ ನಾನು ನಿನ್ನೆ ಹೊರಡದ ಸ್ವರಗಳಿಗಾಗಿ ಕಾದೆ. ಮೊದಲನೆಯ ಖಾಲಿ ಜಾಗ ಬಂದಿತು. ಅಲ್ಲಿ ಗುರುಬಸವ್ವ ತುಟಿ ತೆರೆಯದೆ ಒಂದು ಸ್ವರ ಗುನುಗಿ ನಿಲ್ಲಿಸಿದಳು. ಮುಂದಿನ ಖಾಲಿಗೆ ಮೈಬೂಬಿ. ಅದಕ್ಕಿಂತ ತಗ್ಗಿನದು ಬಂದಾಗ ಮರದ ಬುಡದಿಂದ ಹಗ್ಗ ಮಾರುವ ಲಚ್ಚಪ್ಪನ ಒಡಕು ದನಿ. ಯಾರೂ ಯಾರ ಕಡೆಯೂ ನೋಡುತ್ತಿರಲಿಲ್ಲ. ಕೊಳವೆಗಳು ಒಂದೊಂದಾಗಿ ಸತ್ತ ಹಾಗೆ ಸಂತೆಯವರು ಒಬ್ಬೊಬ್ಬರಾಗಿ ಅವುಗಳ ಜಾಗಕ್ಕೆ ನಿಂತಿದ್ದರು. ಯಾರಿಗೆ ಯಾವುದು ಎಂದು ಹಂಚಿಕೊಂಡ ನೆನಪೂ ಅವರಿಗಿರಲಿಲ್ಲ. ಆಮೇಲೆ ಕೇಳಿದಾಗ ಗುರುಬಸವ್ವ, "ತೂತ ಬಿದ್ದಲ್ಲಿ ತ್ಯಾಪಿ ಹಚ್ಚೂದು, ಅದಕ್ಯಾರನ ಕೇಳ್ತಾರೇನು?" ಎಂದಳು. ಸೋಮವಾರ ಹಾಡು ನನಗೆ ಇಡಿಯಾಗಿ ಕೇಳಿಸುತ್ತಿದ್ದುದು ಹೀಗೆ.

ಇಗರ್ಜಿಯೊಳಗೆ ನಿಂತು ಹೋಲಿಸಬೇಕಿದ್ದ ಮಾತು ಹೊತ್ತು ಮೀರಿ ಹೋಯಿತು. ಪರಿಶೀಲನೆಯಾಗದ ಮಾತು ನಮ್ಮಲ್ಲಿ ಅಚ್ಚಾಗುವುದಿಲ್ಲ. ಅಕ್ಕೋರು ಸಹಿ ಮಾಡುತ್ತೇನೆಂದದ್ದು ಇವತ್ತಿಗೂ ಅಚ್ಚಾಗಿಲ್ಲ.

ಕಂಡದ್ದನ್ನು ಅವರಿಗೆ ಹೇಳುವ ಹಾಗಿರಲಿಲ್ಲ. ಅವರದೇ ಮರುದನಿಯ ವಿಷಯ ಅದು. ಮಂಗಳವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು, ಸಂತೆ ಮೈದಾನದವರೆಗೆ ಬರಬಹುದೇ ಎಂದು ಕೇಳಿದೆ. ಅವರು ಹುಬ್ಬು ಗಂಟಿಕ್ಕಿದರು. ಅಲ್ಲಿ ಅವರದೇನೂ ಕೇಳಿಸುವುದಿಲ್ಲ, ಮರುದನಿಗೆ ಮರುದನಿ ಇಲ್ಲವಲ್ಲ, ಕೇಳಿಸುವುದು ನಿನ್ನೆಯ ಸಂತೆ ಮಾತ್ರ ಎಂದೆ. ಗಣಿತದವರು, ಒಂದು ಕ್ಷಣ ಲೆಕ್ಕ ಹಾಕಿ ಕೊಡೆ ಬಿಚ್ಚಿದರು.

ಮಂಗಳವಾರ ಮೈದಾನಕ್ಕೆ ಯಾರೂ ಹೋಗುವುದಿಲ್ಲ. ಗಂಡ ತಂದ ಬದನೆಕಾಯಿಯ ದರ ನಿಜವೋ ಸುಳ್ಳೋ ಎಂದು ತಿಳಿಯಬೇಕಾದ ಇಬ್ಬರು ಮೂವರು ಹೆಂಗಸರಷ್ಟೇ ಅಲ್ಲಲ್ಲಿ ನಿಂತಿರುತ್ತಾರೆ. ಖಾಲಿ ನೆಲದ ಮೇಲೆ ನಿನ್ನೆಯ ಗದ್ದಲ ಬರುತ್ತಿತ್ತು. ನಾವು ಬೇವಿನ ಮರದ ಕೆಳಗೆ ನಿಂತೆವು. ಗುರುಬಸವ್ವ ಕರೆಯುವುದು ಕೇಳಿಸಿದೊಡನೆ ನಾನು, ಮುಂದೆ ನನ್ನ ದನಿ ಬರುತ್ತದೆಂದು, ದಾರಿಯ ತಿರುವಿನವರೆಗೆ ಹೋಗಿ ಬೆನ್ನು ಮಾಡಿ ನಿಂತೆ. ಆದ್ದರಿಂದ, ಕೇಳುವುದು ಇವತ್ತಲ್ಲವೇನು ಎಂದ ಗುರುಬಸವ್ವನ ಮಾತನ್ನು ಅಕ್ಕೋರು ಒಬ್ಬರೇ ಕೇಳಿದರು. ನಾನು ಮರಳಿ ಬರುವಾಗ ಅವರು ಕೊಡೆ ಮಡಚಿ ಕೈಯಲ್ಲಿ ಹಿಡಿದಿದ್ದರು.

ಗದ್ದಲ ನಿಂತಿತು. ಅಷ್ಟು ದೊಡ್ಡ ಸಂತೆ ಸುಮ್ಮನಾದದ್ದನ್ನು ನಾವು ಖಾಲಿ ಮೈದಾನದಲ್ಲಿ ಕೇಳಿದೆವು. ಎಲ್ಲಿಯೋ ಒಂದು ಮಗು ಕೆಮ್ಮಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಸ್ವರ, ಹೆಂಗಸಿನದು, ಮೆಣಸಿನಕಾಯಿಯ ಘಾಟಿಗೆ ಒರಟಾದದ್ದು. ಮತ್ತೆ ಏನೂ ಇಲ್ಲ. ಮತ್ತೆ ಒಂದು, ಬೇರೆ ದಿಕ್ಕಿನಿಂದ. ಆಮೇಲೆ ತಗ್ಗಿನದೊಂದು.

ಅಕ್ಕೋರು ಮೊದಲು ನನ್ನ ಮುಖ ನೋಡಿದರು. ಇವರು ಏನು ಮಾಡುತ್ತಿದ್ದಾರೆ ಎಂಬ ಪ್ರಶ್ನೆ ಅಲ್ಲಿತ್ತು. ಇನ್ನೆರಡು ಸ್ವರ ಬಂದವು. ಕೊಡೆಯ ಹಿಡಿಕೆಯ ಮೇಲೆ ಅವರ ಬೆರಳುಗಳು ಅಲುಗಾಡತೊಡಗಿದ್ದನ್ನು ಆಗ ಕಂಡೆ. ಬೆರಳುಗಳು ಓಡುತ್ತಿದ್ದವು, ಆರ್ಗನ್ನಿನ ಸ್ವರಗಳನ್ನು ಮೌನವಾಗಿ ತುಂಬುತ್ತ. ಸತ್ತ ಕೀಲಿಯ ಜಾಗಕ್ಕೆ ಬೆರಳು ತಲುಪಿದಾಗಲೆಲ್ಲ ಮೈದಾನದಿಂದ ಯಾರಾದರೊಬ್ಬರ ದನಿ ಏಳುತ್ತಿತ್ತು. ಒಂದೂ ತಪ್ಪಲಿಲ್ಲ. ಅವರು ಮುಂದಿನದು ಬರುವ ಮೊದಲೇ ಆ ದಿಕ್ಕಿಗೆ ತಿರುಗುವುದಕ್ಕೆ ಶುರುಮಾಡಿದರು.

ಹಾಡು ಮುಗಿದ ಮೇಲೆ ನಿನ್ನೆಯ ಸಂತೆ ಉಸಿರು ಬಿಟ್ಟಿತು. ಗುರುಬಸವ್ವನ ದನಿ ಹತ್ತಿರದಲ್ಲೇ ಕೇಳಿಸಿತು. "ಅಕ್ಕೋರ ಕೈ ಯಾಕೋ ಭಾರ ಐತಿ ಇವತ್ತ. ಮನಸಿಗೆ ಹಚ್ಚಿಕೊಂಡಾರ ಏನೋ."

"ಪೇಟಿ ಮಾರತಾರಂತ," ಎಂದದ್ದು ಮೈಬೂಬಿ.

"ಮಾರಿದ್ರ ನಾವು ಯಾರ ಕೂಡ ಹಾಡೂನು?"

ಸುವಾರ್ತಾ ಅಕ್ಕೋರು ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಅವರು ಹೇಳಿದ್ದು ಇಷ್ಟೇ: "ಮೂರನೇ ಸಾಲಿನ ತಗ್ಗಿನ ಸ್ವರ, ಅದು ಹೋಗಿ ಭಾಳ ವರ್ಷಾತ್ರಿ. ನಾನs ಅದನ್ನ ಮರತಿದ್ದೆ."

ಬುಧವಾರದ ಸಭೆಯಲ್ಲಿ ಅವರು ಸಹಿ ಮಾಡಲಿಲ್ಲ. ಊರು ಬರದಿದ್ದರೆ ಎಂದು ಮಾತು ಕೊಟ್ಟಿದ್ದೆ, ಊರು ಬಂದಿತ್ತು, ಬಾಗಿಲು ಹಾಕಿದ್ದವರು ನಾವು ಎಂದರು. ಟಿಕೇಟನ್ನು ಸೋಮವಾರ ಮಾರಬೇಕು ಎಂದರು. ಉಪ್ಪಿನರು ನಕ್ಕರು. ಇಷ್ಟು ದಿನ ಪುಕ್ಕಟೆ ಕೇಳಿದವರು ಈಗ ದುಡ್ಡು ಕೊಡುತ್ತಾರೆಯೇ ಎಂದು ಕೇಳಿದರು.

"ಪುಕ್ಕಟ ಅಲ್ರಿ ಅಧ್ಯಕ್ಷರ," ಎಂದರು ಅಕ್ಕೋರು. "ನಮ್ಮ ಕಡೆ ಇಲ್ಲದ ಸ್ವರ ಅವರು ಹಾಕ್ಯಾರ. ನಾವು ಅರ್ಧಾ ಹಾಡು ಕಳಿಸೇವಿ, ಅವರು ಪೂರಾ ಮಾಡಿ ಕೇಳ್ಯಾರ. ನೀವು ಒಮ್ಮೆ ಹೋಗಿ ನೋಡಿ ಬರ್ರಿ."

ನೋಡುವುದು ಹೇಗೆ? ಉಪ್ಪಿನರು ಆರಾಧನೆಯಲ್ಲಿ ಗಟ್ಟಿಯಾಗಿ ಹಾಡುವವರು. ಸೋಮವಾರ ಅಲ್ಲಿ ಅವರ ದನಿಯೂ ಬರುತ್ತದೆ. ಅವರು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಮೇಲೆ ಮಫ್ಲರ್ ಸುತ್ತಿಕೊಂಡು, ಟಿಕೇಟಿನ ಡಬ್ಬಿ ಹಿಡಿದು ಸಂತೆಯ ಬಾಯಲ್ಲಿ ಕೂತರು. ಬಿರುಬಿಸಿಲಿನಲ್ಲಿ ಮಫ್ಲರ್ ಕಂಡು ಮೈಬೂಬಿ, ಅಧ್ಯಕ್ಷರಿಗೆ ಚಳಿಜ್ವರ ಬಂದಿದೆಯೇ ಎಂದು ಕೇಳಿದಳು. ಅವರಿಗೆ ಕೇಳಿಸಲಿಲ್ಲ. ಕೇಳಿಸದಿದ್ದರೂ ಕಂಡಿತು. ನಿಂತ ಸಂತೆಯಲ್ಲಿ ಇಲ್ಲೊಬ್ಬರ ಗಂಟಲು, ಅಲ್ಲೊಬ್ಬರ ಗಂಟಲು ಅಲುಗುವುದನ್ನು, ಹಾಡುವವರ ಕಣ್ಣುಗಳು ಇಗರ್ಜಿಯ ಕಿಟಕಿಯ ಮೇಲೇ ನೆಟ್ಟಿರುವುದನ್ನು ಉಪ್ಪಿನರು ಹಾಡಿನುದ್ದಕ್ಕೂ ನೋಡಿದರು. ಅವತ್ತು ಸಂಜೆ ಕೀಬೋರ್ಡಿನ ಅಂಗಡಿಯವನಿಗೆ ತಾವೇ ಫೋನ್ ಮಾಡಿ ಬೇಡವೆಂದರು.

ಸಂತೆಯವರು ಟಿಕೇಟು ಕೊಂಡದ್ದಷ್ಟೇ ಅಲ್ಲ. ಪ್ರತಿ ಸೋಮವಾರ ಕಾಣಿಕೆಯ ಹಾಡು ಮುಗಿದೊಡನೆ ಲಚ್ಚಪ್ಪ ಒಂದು ಕಂಬಳಿ ಹಾಸುತ್ತಿದ್ದ. ತಮ್ಮ ತಮ್ಮ ಸರಕಿನಿಂದ ಒಂದು ಬೊಗಸೆಯನ್ನು ಎಲ್ಲರೂ ಅದರ ಮೇಲೆ ಸುರಿಯುತ್ತಿದ್ದರು. ಮೆಣಸಿನಕಾಯಿ, ಬೆಲ್ಲ, ಬಳೆ, ಕಡಲೆ, ಒಂದು ಸಲ ಎರಡು ಹುಂಜ. ಅದನ್ನು ಲಿಲಾವಿಗೆ ಹಾಕಿ ಹರಾಜಿನ ಬೆಲೆ ಕೂಗುವ ಕೆಲಸ ಉಪ್ಪಿನರದು. ಗಿರಣಿಯ ಗದ್ದಲದಲ್ಲಿ ಬೆಳೆದ ಗಂಟಲು ಅಲ್ಲಿ ಕೆಲಸಕ್ಕೆ ಬಂದಿತು. ಇಷ್ಟೆಲ್ಲ ಕೊಡುವವರು ಏನಾದರೂ ಹಕ್ಕು ಕೇಳಬಹುದೆಂಬ ಅಳುಕು ಅವರಿಗೆ ಇದ್ದೇ ಇತ್ತು. ಕೊನೆಗೆ ಗುರುಬಸವ್ವ ಕೇಳಿದ್ದು ಒಂದೇ, ಮಳೆಗಾಲದಲ್ಲೂ ಉತ್ತರದ ಕಿಟಕಿ ಮುಚ್ಚಬಾರದು ಎಂದು. ಕಿಟಕಿಗಳ ಮೇಲೆ ತಗಡಿನ ಮರೆ ಹಾಕಿಸಿದರು. ಅದು ಈಗಲೂ ಇದೆ.

ಕುರಿಯಾಕೋಸ್ ಕೊಳವೆಗಳನ್ನು ಇಳಿಸಿದ. ಆರ್ಗನ್ ಇಲ್ಲದ ಆ ತಿಂಗಳುಗಳಲ್ಲಿ ಸಂತೆ ಕೆಟ್ಟಿತು. ಚೌಕಾಸಿ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಜನ ಮಧ್ಯಾಹ್ನದವರೆಗೂ ಕೂಗಾಡಿದರು. ತಿದಿಗೆ ಹೊಸ ಕುರಿಚರ್ಮ ಸಂತೆಯಿಂದಲೇ ಹೋಯಿತು. ಎಲ್ಲ ಮುಗಿದು ಪ್ರತಿಷ್ಠೆಯ ರವಿವಾರ ಬಂದಾಗ ಅಕ್ಕೋರು ಕಾಣಿಕೆಯ ಹಾಡನ್ನು ನುಡಿಸಿದರು. ಒತ್ತಿದ ಪ್ರತಿ ಕೀಲಿಯೂ ಉತ್ತರ ಕೊಟ್ಟಿತು. ಪೀಠದಿಂದ ಅವರನ್ನು ಮೇಸ್ತ್ರಿ ಕೈ ಹಿಡಿದು ಇಳಿಸಿದ. "ಆರ್ಗನ್ ಸಂಪೂರ್ಣ ಸಜ್ಜು" ಎಂದು ನಾನು ಶೀರ್ಷಿಕೆ ಬರೆದೆ.

ಸೋಮವಾರ ಸಂತೆ ಉಸಿರು ಹಿಡಿದು ಕೇಳಿತು. ಮೊದಲ ಖಾಲಿಯ ಜಾಗಕ್ಕೆ ಗುರುಬಸವ್ವ ಗಂಟಲು ಎತ್ತಿದಳು, ಆದರೆ ಅಲ್ಲಿ ಖಾಲಿ ಇರಲಿಲ್ಲ. ಕೊಳವೆಯೇ ನುಡಿಯಿತು. ಅವಳು ನಿಲ್ಲಿಸಿದಳು. ಮೈಬೂಬಿಗೂ ಹಾಗೇ ಆಯಿತು, ಲಚ್ಚಪ್ಪನಿಗೂ. ಹಾಡು ಮುಗಿದ ಮೇಲೆ ಎಲ್ಲರೂ ಚೆನ್ನಾಗಿತ್ತೆಂದು ತಲೆದೂಗಿದರು. ಅದು ನಿಜವಾಗಿಯೂ ಚೆನ್ನಾಗಿತ್ತು. ಗುರುಬಸವ್ವ ಮಾತ್ರ ತಟ್ಟು ಸರಿಸುತ್ತ ತನ್ನಷ್ಟಕ್ಕೆ, "ಛಲೋ ಆತು. ಆದರ ನಮ್ಮ ಪಾಲೂ ಅದs ಹಾಡಿಬಿಡತಲ್ಲ," ಎಂದಳು.

ನಾನು ಇದನ್ನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನನ್ನ ಜೊತೆ ಮೈದಾನಕ್ಕೆ ಬಂದ ಆ ಮೊದಲ ಮಂಗಳವಾರದ ನಂತರ ಅಕ್ಕೋರು ಪ್ರತಿ ಮಂಗಳವಾರ ಬೆಳಿಗ್ಗೆ, ಶಾಲೆಗೆ ಹೋಗುವ ಮೊದಲು, ಬದನೆಕಾಯಿಯ ದರ ಕೇಳಲು ಬಂದ ಹೆಂಗಸರ ನಡುವೆ ಕೊಡೆ ಹಿಡಿದು ನಿಲ್ಲುತ್ತಿದ್ದರು.

ಮುಂದಿನ ರವಿವಾರ ಕುರಿಯಾಕೋಸ್ ಹೊರಡುವವನಿದ್ದ, ಚೀಲ ಕಟ್ಟಿಕೊಂಡೇ ಆರಾಧನೆಗೆ ಬಂದಿದ್ದ. ಕಾಣಿಕೆಯ ಹಾಡಿನ ಮೊದಲ ಸಾಲಿನಲ್ಲೇ ಒಂದು ಸ್ವರ ಹೊರಡಲಿಲ್ಲ. ಅವನು ಬೆಂಚಿನಿಂದ ಎದ್ದು ನಿಂತ. ಆಮೇಲೆ ಎಲ್ಲ ಸರಿಯಿತ್ತು, ಮೂರನೆಯ ಸಾಲಿನ ತಗ್ಗಿನ ಸ್ವರದವರೆಗೆ. ಅದೂ ಬರಲಿಲ್ಲ. ಆರಾಧನೆ ಮುಗಿದೊಡನೆ ಏಣಿ ಹಾಕಿ ಮೇಲೆ ಹತ್ತಿದ, ಕೊಳವೆಗೆ ಕಿವಿಯಿಟ್ಟ, ಬಾಯಿಟ್ಟು ಊದಿದ. ದನಿ ಬರುತ್ತಿತ್ತು. ಕೆಳಗೆ ನಿಂತಿದ್ದ ಅಕ್ಕೋರು, ಕೊಳವೆ ಚೆನ್ನಾಗಿಯೇ ಇದೆ, ಇಳಿದು ಬನ್ನಿ, ಬಸ್ಸು ತಪ್ಪುತ್ತದೆ ಎಂದರು. ಅವನು ಇಳಿದು ಅವರ ಕೈಬೆರಳುಗಳನ್ನು ಸಂಶಯದಿಂದ ನೋಡಿ, ನಮಸ್ಕಾರ ಹೇಳಿ ಹೋದ.

ಆ ಸೋಮವಾರದ್ದನ್ನು ನಾನು ಬರೆಯುವುದಿಲ್ಲ, ಅಕ್ಕೋರ ಮರುದನಿಯ ಬಗ್ಗೆ ಈಗಾಗಲೇ ಮರ್ಯಾದೆ ಮೀರಿ ಬರೆದಾಗಿದೆ. ಮಂಗಳವಾರದ್ದನ್ನು ಬರೆಯಬಹುದು. ಮೈದಾನ ಖಾಲಿಯಿತ್ತು. ನಿನ್ನೆಯ ಗದ್ದಲ ನಿಂತಿತು. ಅಕ್ಕೋರು ಕೊಡೆಯ ಹಿಡಿಕೆಯ ಮೇಲೆ ಬೆರಳೋಡಿಸುತ್ತ ಬಂದು, ರವಿವಾರ ಒತ್ತದೆ ಬಿಟ್ಟಿದ್ದ ಕಡೆ ಬೆರಳನ್ನು ಮೇಲೆತ್ತಿ ಹಿಡಿದರು. ಮೆಣಸಿನಕಾಯಿ ರಾಶಿಯಿದ್ದ ಜಾಗದಿಂದ ಆ ಒಂದು ಸ್ವರ ಬಂದಿತು, ಒರಟಾಗಿ, ಸ್ವಲ್ಪ ನಗುವಿನೊಂದಿಗೆ. ಅದು ಮುಗಿಯುವವರೆಗೆ ಕಾದು ಅವರು ಬೆರಳನ್ನು ಕೆಳಗಿಟ್ಟರು.